ಯಾರಿಗೂ ದಕ್ಕದ ಕುಕ್ಕರ್

ಕ್ವಿಜ್ ಪ್ರಶ್ನೆ ಬರೆಯುವುದೇನು ಮಹಾ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ. ಬರೆದು ನೋಡಲಿ! ತೀರಾ ಸುಲಭವಾದರೆ ಸಭೆ ಆಕಳಿಸುತ್ತದೆ, ತೀರಾ ಕಷ್ಟವಾದರೆ ಎದ್ದು ಟೀ ಕುಡಿಯಲು ಹೋಗುತ್ತದೆ. ಉತ್ತರ ಕೇಳಿದವರು ‘ಅಯ್ಯೋ, ನಾಲಿಗೆ ತುದೀಲೇ ಇತ್ತಲ್ಲ!’ ಎಂದು ಹಣೆ ಚಚ್ಚಿಕೊಳ್ಳಬೇಕು, ಅದು ಪ್ರಶ್ನೆ.

ರೇಷ್ಮೆ ಎಲ್ಲರ ಕೈಹಿಡಿದಿದ್ದ ಕಾಲ. ರಾಮನಗರದ ಯಾವ ಬೀದಿಗೆ ಹೋದರೂ ಬೇಯುವ ಗೂಡಿನ ವಾಸನೆ. ನಾನು ಅಲ್ಲಿ ಸ್ಕೂಲ್ ಮೇಷ್ಟ್ರು, ಮದುವೆಯಾಗಿರಲಿಲ್ಲ. ಊರಿನ ಯುವಕರು ರೇಷ್ಮೆ ಬೆಳೆಗಾರರಿಗೂ ನೂಲು ತೆಗೆಯುವ ರೀಲರುಗಳಿಗೂ ಒಂದು ಕ್ವಿಜ್ ಇಟ್ಟು, ಪ್ರಶ್ನೆ ಬರೆದು ಕೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಬಹುಮಾನ ಒಂದು ಪ್ರೆಶರ್ ಕುಕ್ಕರ್.

ಅದೇ ಹೊತ್ತಿಗೆ ದೊಡ್ಡಆಲಹಳ್ಳಿಯಲ್ಲಿ ಹೆಣ್ಣು ನೋಡಿ ಬಂದಿದ್ದೆ. ಹುಡುಗಿ ಎಷ್ಟು ಹಿಡಿಸಿದಳೆಂದರೆ, ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ ಅಂತ ನಮ್ಮಣ್ಣ ದಾರಿಯಲ್ಲಿ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಅವಳಪ್ಪ ಮಾತ್ರ ಬಾಯಿಬಿಟ್ಟು ಒಪ್ಪಲಿಲ್ಲ. “ಮೇಷ್ಟ್ರು ನಾಕು ಜನದ ಮುಂದೆ ಹೆಂಗೆ ನಿಂತ್ಕತ್ತಾರೆ ನೋಡ್ಬುಟ್ಟು ಹೇಳ್ತೀನಿ” ಎಂದರು. ಕ್ವಿಜ್ ದಿನ ನನ್ನನ್ನು ನೋಡಲು ಬಂದವರು ಸುಮ್ಮನೆ ಕೂರಬೇಡವೇ? ತಾವೂ ರೇಷ್ಮೆ ಬೆಳೆಯುವವರೇ ಆದ್ದರಿಂದ ಬೆಳೆಗಾರರ ತಂಡಕ್ಕೆ ಯಜಮಾನರಾಗಿ ವೇದಿಕೆ ಹತ್ತಿದರು. ಮಗಳು ಮುಂದಿನ ಸಾಲಿನಲ್ಲಿ ಕೂತಳು.

ಕೊನೆಯ ಪ್ರಶ್ನೆಯ ಹೊತ್ತಿಗೆ ಎರಡೂ ತಂಡ ಸಮಸಮ. ಅವರ ಕಸುಬಿನದೇ ಇರಲಿ, ಇಬ್ಬರಿಗೂ ಖುಷಿಯಾಗಲಿ ಎಂದು ನಾನು ಬಹಳ ಮುದ್ದಿನಿಂದ ಬರೆದಿಟ್ಟುಕೊಂಡಿದ್ದ ಪ್ರಶ್ನೆ ಅದು. “ನಮ್ಮ ಕಡೆಯ ಒಂದು ಹಳದಿ ಗೂಡಿನಲ್ಲಿ ಸರಾಸರಿ ಎಷ್ಟು ಮೀಟರ್ ನೂಲು ಇರುತ್ತದೆ?”

“ಸಾವ್ರ ಮೀಟ್ರು!” ಎಂದರು ಹುಡುಗಿಯ ಅಪ್ಪ.

ರೀಲರ್ ತಂಡದ ಹಿರಿಯ ಸಾಹೇಬರು ಗಡ್ಡ ನೀವಿಕೊಂಡರು. “ತೌಬಾ ತೌಬಾ! ಐನೂರು ಬಂದ್ರೆ ನಮ್ದು ನಸೀಬು.”

“ಏನಂದ್ರಿ? ನಮ್ಮ ಗೂಡಿಗಾ? ಅಂಗಾದ್ರೆ ಸಾವ್ರದಿನ್ನೂರು!”

“ನಾನ್ನೂರೈವತ್ತು!”

ಅಯ್ಯೋ ನನ್ನ ಬುದ್ಧಿಗಿಷ್ಟು! ಗೂಡಿನ ಮಾರ್ಕೆಟ್ಟಿನಲ್ಲಿ ದಿನಾ ಬೆಳಗ್ಗೆ ಇವರು ಕಿತ್ತಾಡುವುದೇ ಇದಕ್ಕೆ. ನೂಲು ಜಾಸ್ತಿ ಇದೆ ಎಂದರೆ ಗೂಡಿನ ರೇಟು ಏರಬೇಕು, ಕಡಿಮೆಯೆಂದರೆ ಇಳಿಯಬೇಕು. ಇಲ್ಲಿ ಯಾರು ಸೋತರೂ ನಾಳೆ ಹರಾಜಿನಲ್ಲಿ ಅದನ್ನೇ ಎತ್ತಿ ಆಡುತ್ತಾರೆ.

“ಮೊದಲು ಹೇಳಿದ್ದೇ ಉತ್ತರ” ಎಂದು ಮೈಕಿನಲ್ಲಿ ಕಿರುಚಿದೆ. ಯಾರು ಕೇಳಬೇಕು? ಸಭೆಯಿಂದ ಒಬ್ಬ ದಲ್ಲಾಳಿ ಎದ್ದು ವೇದಿಕೆಗೇ ಬಂದ. ಇವರನ್ನು ಇಷ್ಟು ಇಳಿಸಿ, ಅವರನ್ನು ಅಷ್ಟು ಏರಿಸಿ, ಇಬ್ಬರ ಕೈ ಹಿಡಿದು ಕೂಡಿಸಿಯೇಬಿಟ್ಟ. “ಎಂಟ್ನೂರೈವತ್ತಕ್ಕೆ ಮುಗೀತು ಸಾ! ಬರ್ಕಳಿ.” ಸಭೆ ಚಪ್ಪಾಳೆ ತಟ್ಟಿತು.

ನನ್ನ ಚೀಟಿಯಲ್ಲಿ ಏಳುನೂರು ಎಂದಿತ್ತು.

“ಇಬ್ರೂ ಒಪ್ಕಂಡಿದ್ದೀವಿ. ಇನ್ನು ನಿಮ್ದೇನು ಮೇಷ್ಟ್ರೇ?” ಎಂದು ಹುಡುಗಿಯ ಅಪ್ಪ ಗುರಾಯಿಸಿದರು. ಹೂಂ ಅಂದುಬಿಟ್ಟರೆ ಹೆಣ್ಣು ನನ್ನದು. ಮುಂದಿನ ಸಾಲಿನತ್ತ ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆದರೆ ಪ್ರಶ್ನೆ ಬರೆದವನ ಹಟ ಎಂಬುದೊಂದಿದೆಯಲ್ಲ, ಹಾಳಾದ್ದು, ಬಾಯಿ ತಾನೇ ತೆರೆಯಿತು.

“ಉತ್ತರಕ್ಕೆ ಚೌಕಾಸಿ ಇಲ್ಲ. ಏಳುನೂರು. ಇಬ್ಬರಿಗೂ ಸೊನ್ನೆ.”

ಹುಡುಗಿಯ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಮಗಳನ್ನು ಕರೆದುಕೊಂಡು ಹೊರಟೇಹೋದರು. ಕುಕ್ಕರ್ ಮೇಜಿನ ಮೇಲೆಯೇ ಉಳಿಯಿತು. ಅದರ ಪಕ್ಕ ನಾನೂ ಕುಸಿದು ಕೂತೆ. ಅಷ್ಟು ಸಂಕಟ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಮಾರನೆಯ ದಿನ ಅವರು ಸ್ಕೂಲಿನ ಬಾಗಿಲಿಗೇ ಬಂದರು. “ಆಗಕ್ಕಿಲ್ಲ ಅಂತ್ಲೇ ಹೇಳ್ಕಳ್ಸೋಣ ಅಂತಿದ್ದೆ ಮೇಷ್ಟ್ರೇ. ನನ್ನ ಮಗಳು ಬುಡಬೇಕಲ್ಲ! ‘ಅಪ್ಪಾ, ನಿನ್ನ ಬಾಯಿಗೆ ಎದುರು ನಿಂತೋರು ಇವರೊಬ್ರೇ. ನಂಗೆ ಇವ್ರೇ ಆಗ್ಬೇಕು’ ಅಂತ ಕುಂತವ್ಳೆ.”

ಮದುವೆಗೆ ಸಾಹೇಬರೂ ಬಂದರು. ಯಾರಿಗೂ ದಕ್ಕದೆ ಉಳಿದಿದ್ದ ಅದೇ ಕುಕ್ಕರನ್ನು ಅವರೂ ನಮ್ಮ ಮಾವನವರೂ ಒಂದೊಂದು ಕಡೆ ಹಿಡಿದು ತಂದು ನಮ್ಮ ಮುಂದಿಟ್ಟರು. ನಾನು ಸುಮ್ಮನಿರಲಾರದೆ, ಇದರಲ್ಲಿ ಎಷ್ಟು ಅಕ್ಕಿ ಬೇಯುತ್ತದೆ ಎಂದು ಕೇಳಿದೆ.

“ಮೂರು ಸೇರು!” ಎಂದರು ಮಾವ.

“ತೌಬಾ! ಒಂದೂವರೆ” ಎಂದರು ಸಾಹೇಬರು.

ಹೆಂಡತಿ ಕುಕ್ಕರ್ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. “ಬೇಯ್ಸಿ ನೋಡಿ ನಾನೇ ಹೇಳ್ತೀನಿ. ಸುಮ್ಕಿರಿ ಮೂವರೂವೆ.”