ಹತ್ತಿಮತ್ತೂರಿನ ತುಳಸಿಗೆ ಬಂದ ವಿಭೂತಿ

ನಮ್ಮತ್ತೆ ಶಂಕ್ರವ್ವನಿಗೆ ದೇವರ ಮೇಲೆ ಎಷ್ಟು ಭಕ್ತಿಯೋ, ಬಾಯಿಯೂ ಅಷ್ಟೇ ಜೋರು. ಹತ್ತಿಮತ್ತೂರಿನ ನಮ್ಮ ಹಿತ್ತಲಲ್ಲಿ ಒಂದು ಪಾತಿ ತುಂಬ ತುಳಸಿ ಬೆಳೆಸಿದ್ದಳು. ಪೂಜೆಗಲ್ಲ, ಕೆಮ್ಮಿನ ಕಷಾಯಕ್ಕೆ. ಊರಲ್ಲಿ ಯಾವ ಕೂಸು ಕೆಮ್ಮಿದರೂ ಅದರ ತಾಯಿ ನಮ್ಮ ಹಿತ್ತಲ ಬಾಗಿಲಿಗೆ ಬರಬೇಕು, ಮೊದಲು ಬೈಸಿಕೊಳ್ಳಬೇಕು, ಆಮೇಲೆ ಕಷಾಯ ಒಯ್ಯಬೇಕು.

ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ನೆರೆಮನೆಯ ಹೊನ್ನವ್ವನ ಮೊಮ್ಮಗನಿಗೆ ನಾಯಿಕೆಮ್ಮು ಹತ್ತಿತು. ಅತ್ತೆಯ ಕಷಾಯ ಕುಡಿದರಷ್ಟೇ ಕೂಸು ಒಂದಿಷ್ಟು ಕಣ್ಣು ಮುಚ್ಚುತ್ತಿತ್ತು. ಅಂಥ ಹೊತ್ತಿನಲ್ಲೇ, ಒಂದು ಬೆಳಿಗ್ಗೆ ಎಲೆ ಹರಿಯಲು ಹೋದ ಅತ್ತೆ ಚೀರಿದಳು.

"ಬರ್ರಿ ಎಲ್ಲಾರೂ, ನೋಡ್ರಿ! ವಿಷ್ಣುನ ಗಿಡಕ್ಕ ನಮ್ಮ ಶಿವ ವಿಭೂತಿ ಹಚ್ಯಾನ!"

ಹೌದು, ಒಂದೆರಡು ಗಿಡದ ಎಲೆಗಳ ಮೇಲೆ ಬಿಳಿ ಪುಡಿ. ಅತ್ತೆ ಅದನ್ನು ಹಣೆಗೆ ಹಚ್ಚಿಕೊಂಡಳು, ನನಗೂ ಬಳಿದಳು. ಮಧ್ಯಾಹ್ನದೊಳಗೆ ಹಿತ್ತಲು ತುಂಬ ಜನ. ಹೊನ್ನವ್ವನಂತೂ "ಇನ್ನ ಈ ಗಿಡದ ಎಲಿ ಯಾರೂ ಹರೀಬಾರದು" ಎಂದು ಕಾವಲಿಗೇ ಕುಳಿತಳು. ಅವಳ ಮೊಮ್ಮಗನಿಗೂ ಎಲ್ಲಿಯ ಕಷಾಯ ಇನ್ನು!

ಪುಡಿ ಹಬ್ಬಿತು. ಎಲೆ ಮುದುರಿ, ಹಳದಿಯಾಗಿ ಉದುರತೊಡಗಿತು. ಸಂತೆಗೆ ಬಂದಿದ್ದ ಸವಣೂರಿನ ಗಿಡಮೂಲಿಕೆ ವ್ಯಾಪಾರಿ ಜಮಾಲಸಾಬನನ್ನು ಅತ್ತೆ ಕರೆದು ತೋರಿಸಿದಳು. ಅವನು ಗಡ್ಡ ಕೆರೆದುಕೊಂಡ.

"ನಾಸಿಕ್ ಕಡೆ ದ್ರಾಕ್ಷಿ ಎಲಿಗೂ ಇಂಥಾದ್ದ ಬರತೈತ್ರಿ, ಬೂದಿರೋಗ ಅಂತಾರ. ಗಂಧಕದ ಪುಡಿ ಹೊಡೀತಾರ. ಆದ್ರ ಇದು ನಿಮ್ಮ ದೇವರ ಮಾತು, ನಾ ಹೆಂಗ ಹೇಳ್ಲಿರಿ?"

"ನಿನಗ ಅಂಜಿಕಿ ಆದ್ರ ನಾ ದೇವರನ್ನ ಕೇಳ್ತೇನಿ ಬಿಡು" ಎಂದಳು ಅತ್ತೆ.

ಮೂಲೆಯ ಹಸಿರು ಗಿಡವೊಂದರ ಎಲೆಗೆ ಮನೆಯ ವಿಭೂತಿ ಹಚ್ಚಿದಳು. ಪುಡಿ ಬಂದ ಗಿಡದಲ್ಲಿ ಒಂದು ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗುರುತಿಗೆ ದಾರ ಕಟ್ಟಿದಳು. ಕೆಲವು ದಿನ ಕಾದೆವು. ಮನೆಯ ವಿಭೂತಿ ಇಬ್ಬನಿಗೆ ತೊಳೆದುಹೋಯಿತು. ಒರೆಸಿದ ಎಲೆಯಲ್ಲಿ ಮಾತ್ರ ಬಿಳಿ ಚುಕ್ಕೆ ಮತ್ತೆ ಮೂಡಿ, ಹಿಗ್ಗಿ, ಪಕ್ಕದ ಟೊಂಗೆಗೂ ಹತ್ತಿತು.

"ವಿಭೂತಿ ಎಲ್ಲೆರ ಬೆಳೀತೈತೇನ? ಇದು ಬಾಜೂ ಮನಿಗೆ ಹೊಂಟೈತಿ ನೋಡ್ರಿ. ಇದು ರೋಗ! ಮೊದಲು ಬಾಯಿ ಮಾಡಿದಾಕಿ ನಾನ, ಕೀಳಾಕಿನೂ ನಾನ!"

ಹೊನ್ನವ್ವ ಅಡ್ಡ ಬಂದಳು. "ದೇವರ ಗಿಡಕ್ಕ ಕೈ ಹಚ್ಚಬ್ಯಾಡ ಶಂಕ್ರಕ್ಕ! ನನ್ನ ಕೂಸಿಗೆ ಏನರ ಆದ್ರ?"

"ಉಳಿದ ಗಿಡಾನೂ ಹ್ವಾದ್ರ ನಿನ್ನ ಕೂಸಿಗೆ ನಾ ಏನ ಕುಡಿಸ್ಲೆ, ಹುಚ್ಚಿ?" ಬೈಯುತ್ತ ಬೈಯುತ್ತಲೇ ಅತ್ತೆ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊನ್ನವ್ವ ಬದಿಗೆ ಸರಿದಳು.

ರೋಗದ ಗಿಡಗಳನ್ನು ಕಿತ್ತು ಸುಟ್ಟೆವು. ಜಮಾಲಸಾಬ ಹೇಳಿದ ಗಂಧಕದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಉಳಿದವುಗಳ ಮೇಲೆ ಜಾಡಿಸಿದೆವು. ಹಿತ್ತಲೆಲ್ಲ ನಾತ. "ಶಿವ ಈಗ ಮೂಗು ಮುಚ್ಕೊಂಡಿರಬೇಕು" ಎಂದು ನಾನು ಅಂದದ್ದಕ್ಕೆ ನನಗೂ ಸರಿಯಾಗಿ ಬೈಗುಳ ಬಿದ್ದವು. ಹೊಸ ಚಿಗುರು ಬಂದಾಗ ಅತ್ತೆ ಅದನ್ನು ಚೆನ್ನಾಗಿ ತೊಳೆದು ಹೊನ್ನವ್ವನ ಮೊಮ್ಮಗನ ಕಷಾಯಕ್ಕಿಟ್ಟಳು.

ಮರುದಿನ ಬೆಳಿಗ್ಗೆ ಹೊನ್ನವ್ವ ಬಂದು ತುಳಸಿಯ ಮುಂದೆ ಕೈಮುಗಿದು ನಿಂತಳು.

"ಈಗ್ಯಾಕ ಕೈ ಮುಗಿಯಾಕತ್ತಿ? ವಿಭೂತಿ ಎಲ್ಲೈತಿ?" ಅತ್ತೆ ಗದರಿದಳು.

"ನಿನ್ನಿ ರಾತ್ರಿ ಕೂಸು ಬೆಳತನಕ ಮಲಗಿತ್ತಕ್ಕಾ" ಎಂದಳು ಹೊನ್ನವ್ವ. "ನಾನೂ ಮಲಗಿದ್ದೆ."