ಕೂಸಿನ ಹಾಲಿಗೆ ಎಷ್ಟು ನೀರು?

ಆಗ ನಾನು ಕಂಪ್ಲಿ ದವಾಖಾನೆಯಲ್ಲಿ ಕಾಂಪೌಂಡರ್. ಮದುವೆಯಾಗಿರಲಿಲ್ಲ, ಆದರೆ ಬುದ್ಧಿ ಹೇಳುವ ಚಟ ಬಂದಾಗಿತ್ತು. ಹೊಸಪೇಟೆ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿ ತಾಯಿಯಿಲ್ಲದ ಮೂರು ತಿಂಗಳ ಮೊಮ್ಮಗನಿಗೆ ಡಬ್ಬಿಯ ಹಾಲಿನಪುಡಿ ಕಲಸುತ್ತಿದ್ದಳು. ಲೋಟದ ತಳ ಕಾಣುವಷ್ಟು ತಿಳಿಹಾಲು. ಕೂಸು ಮಾತ್ರ ಕಡ್ಡಿಯಂತೆ ಒಣಗಿತ್ತು.

"ನೀರು ಭಾಳ ಆತವ್ವ. ಡಬ್ಬಿ ಮ್ಯಾಲೆ ಬರದಷ್ಟ ಹಾಕ್ರಿ" ಎಂದೆ.

"ಬ್ಯಾಸಗಿ ಐತ್ರಿ, ಕೂಸಿಗೆ ನೀರಡಿಕಿ. ನೀವೆಷ್ಟು ಮಕ್ಕಳ್ನ ಸಾಕೀರಿ?"

"ಒಂದೂ ಇಲ್ಲ. ಡಬ್ಬಿಯವ ಹಂಗ ಬರದಾನ."

"ಅಂವ ಎಷ್ಟು ಹಡದಾನ?"

ಸುತ್ತಲಿದ್ದವರೆಲ್ಲ ನಕ್ಕರು. ನಾನು ಬಿಡಲಿಲ್ಲ. ಚಹಾದಂಗಡಿಯಿಂದ ಕುದಿಸಿದ ನೀರು ತಂದು, ಆರಿಸಿ, ಡಬ್ಬಿಯ ಅಳತೆಯಂತೆ ಕಲಸಿಕೊಟ್ಟೆ. ಕೂಸು ಹನಿಯೂ ಬಿಡದೆ ಕುಡಿದು ತೇಗಿತು. ಅಜ್ಜಿಯ ಕಣ್ಣು ತುಂಬಿತು.

"ಹಸದಿತ್ತೇನ್ರಿ ಪಾಪ! ನಾ ನೀರಡಿಕಿ ಅಂದ್ಕೊಂಡಿದ್ನಿ."

ಆಮೇಲೆ ಉಳಿದ ಆರಿದ ನೀರಿನಲ್ಲಿ ಒಂದು ಚಮಚ ಕುಡಿಸಿ, "ಇದು ಬಿಸಲಿಗೆ. ಇದರಾಗ ಬಾಯಿ ಹಾಕಬ್ಯಾಡ್ರಿ" ಎಂದಳು.

ಹಾಕಲಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಅದು ನನ್ನ ಇಸ್ತ್ರಿ ಧೋತರವನ್ನು ಪೂರ್ತಿ ತೋಯಿಸಿತು. ಕೂಸಿಗೆ ನೀರು ಸಾಕಾಗಿದೆಯೆಂದು ಇಷ್ಟು ಸ್ಪಷ್ಟವಾಗಿ ಯಾವ ಡಬ್ಬಿಯ ಮೇಲೂ ಬರೆದದ್ದನ್ನು ನಾನು ಕಂಡಿಲ್ಲ.