ದಾಟಿಸಿದ ಪುಣ್ಯ
ಕಳೆದ ಮಂಗಳವಾರ ಬೆಳಿಗ್ಗೆ ನಾನು ಒಬ್ಬ ಹುಡುಗಿಯನ್ನು ಕಿಡ್ನ್ಯಾಪ್ ಮಾಡಿದೆ. ಫ್ರೇಜರ್ ಟೌನಿನಲ್ಲಿ (ಬೋರ್ಡಿನಲ್ಲಿ ಪುಲಿಕೇಶಿನಗರ, ನನ್ನ ಬಾಯಿಗೆ ಅದು ಇನ್ನೂ ಬಂದಿಲ್ಲ), ಎಲ್ಲರೆದುರಿಗೇ. ಯಾರೂ ತಡೆಯಲಿಲ್ಲ. ಒಬ್ಬ ಆಟೋದವನಂತೂ ಬ್ರೇಕ್ ಹಾಕಿ, "ಗಾಡ್ ಬ್ಲೆಸ್ ಯೂ ಮಮ್ಮಿ" ಅಂದ!

ಹುಡುಗಿ ಬಿಳಿ ಕೋಲು ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ನಿಂತಿದ್ದಳು. ಕಣ್ಣು ಕಾಣದವರು ಅಲ್ಲಿ ಇನ್ನೇಕೆ ನಿಲ್ಲುತ್ತಾರೆ? ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ದಿನಕ್ಕೊಂದು ಗುಡ್ ಡೀಡ್ ಬರೆಸುತ್ತಿದ್ದರು. ನನ್ನ ನೋಟ್‌ಬುಕ್ಕಿನ ತುಂಬ ಕುರುಡರನ್ನು ರಸ್ತೆ ದಾಟಿಸಿದ್ದೇ. (ಅಷ್ಟು ಜನ ಕುರುಡರು ನಮ್ಮ ಬೀದಿಯಲ್ಲಿ ಇರಲೇ ಇಲ್ಲ. ಗಾಡ್ ಫರ್ಗಿವ್ ಮಿ.)

ತೋಳು ಹಿಡಿದೆ, ಎಳೆದೆ, ದಾಟಿಸಿಯೇ ಬಿಟ್ಟೆ.

"ಆಂಟಿ, ಎಲ್ಲಿಗೆ ಕರ್ಕೊಂಡ್ಬಂದ್ರಿ?"

"ಈಚೆ ಕಡೆಗೆ, ಮಗಳೇ."

"ನಾನು ಈಚೆ ಬರ್ಬೇಕು ಅಂತ ಯಾರ್ ಹೇಳಿದ್ದು?"

ಹೆಸರು ನಸ್ರೀನ್. ಕ್ಲಿನಿಕ್ಕೊಂದರಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ. ದಿನಾ ಅಣ್ಣ ಸ್ಕೂಟರಿನಲ್ಲಿ ಬಿಡುತ್ತಿದ್ದ. ಅಂದು ಮನೆಯವರೊಂದಿಗೆ ಜಗಳವಾಡಿ ಮೊದಲ ಸಲ ಒಬ್ಬಳೇ ಹೊರಟಿದ್ದಳು. ಯಾರ ಕೈಯೂ ಹಿಡಿಯದೆ ಹತ್ತಕ್ಕೆ ಸರಿಯಾಗಿ ತಲುಪಿದರೆ ಇನ್ನು ಒಬ್ಬಳೇ ಓಡಾಡಬಹುದು. ಇಲ್ಲದಿದ್ದರೆ ಮತ್ತೆ ಸ್ಕೂಟರೇ ಗತಿ.

ಮತ್ತೆ ನಿಂತಿದ್ದೇಕೆ? ಫುಟ್‌ಪಾತಿನಲ್ಲಿ ಉಬ್ಬುಉಬ್ಬಾದ ಹಳದಿ ಟೈಲ್ಸ್ ಇರುತ್ತವಲ್ಲ, ಕಾಲಿಗೆ ದಾರಿ ತಿಳಿಯಲೆಂದು ಹಾಕಿದ್ದು? ಅದರ ಮೇಲೆ ಯಾರೋ ಬೈಕ್ ನಿಲ್ಲಿಸಿದ್ದರು. ಬಳಸಿ ಹೋಗುವುದು ಹೇಗೆಂದು ಯೋಚಿಸುತ್ತಿದ್ದಳು. (ನಾನಂತೂ ಆ ಟೈಲ್ಸ್ ಮಳೆಯಲ್ಲಿ ಜಾರದಿರಲಿ ಅಂತ ಹಾಕಿದ್ದು ಅಂದುಕೊಂಡಿದ್ದೆ. ನೀವು?)

"ಸಾರಿ ಕಣಮ್ಮ, ವಾಪಸ್ ಬಿಡ್ತೀನಿ."

"ಎಲ್ಲಿ ಹಿಡ್ಕೊಂಡ್ರೋ ಅಲ್ಲೇ ಬಿಡಿ. ಅಲ್ಲಿಂದ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ಕೇಳತ್ತೆ. ಆಮೇಲೆ ಬೇಕರಿ ವಾಸನೆ. ಆಮೇಲೆ ಎರಡನೇ ಗೇಟೇ ನಮ್ ಕ್ಲಿನಿಕ್ಕು."

ದಾಟಿದೆವು. ಅವಳನ್ನು ಎಲ್ಲಿ ಹಿಡಿದಿದ್ದೆ? ಹುಟ್ಟಿ ಬೆಳೆದ ಬೀದಿ. ಒಂದು ಕಾಲಕ್ಕೆ ಪ್ರತಿ ಬಂಗಲೆಯ ಗೇಟಿನ ಬಣ್ಣ ಹೇಳುತ್ತಿದ್ದೆ. ಈಗ ಎಲ್ಲ ಗಾಜಿನ ಅಂಗಡಿಗಳೇ, ಎಲ್ಲ ಒಂದೇ ಥರ. ಬೈಕುಗಳೂ ಸಾಲುಸಾಲು.

"ಇಲ್ಲೇ ಇರ್ಬೇಕು" ಅಂದೆ.

ಅವಳು ಕಿವಿಗೊಟ್ಟಳು. "ಇಲ್ಲ ಆಂಟಿ, ಮುಂದೆ ಬಂದ್ಬಿಟ್ಟಿದ್ದೀವಿ. ಸುಮ್ನೆ ನನ್ ಹಿಂದೆ ಬನ್ನಿ."

ಕೋಲು ತಟ್ಟುತ್ತಾ ಹಿಂದಕ್ಕೆ ನಡೆದಳು. ಹತ್ತಾಗಲು ಏಳೇ ನಿಮಿಷ. ಅವಳ ಕೋಲು ಬೈಕಿಗೆ ತಗುಲಿದಾಗಲೆಲ್ಲ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹಿಂದಕ್ಕೆ ಕಟ್ಟಿಕೊಂಡೇ ನಡೆದೆ. ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಬೇಕರಿ ಬಂತು. ಎರಡನೇ ಗೇಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಅಷ್ಟರಲ್ಲಿ ಅವಳ ತಾಯಿಯ ಫೋನು, ಸ್ಪೀಕರಿನಲ್ಲೇ. ತಲುಪಿದೆಯಾ, ಯಾರಾದರೂ ಕೈ ಹಿಡಿದು ತಂದು ಬಿಟ್ಟರಾ, ಅಂತ ಉರ್ದುವಿನಲ್ಲಿ ಕೇಳಿದರು.

"ಇಲ್ಲ ಅಮ್ಮಿ" ಅಂದಳು ನಸ್ರೀನ್. "ಪಾಪ, ಒಬ್ರು ಆಂಟಿ ದಾರಿ ತಪ್ಪಿದ್ರು. ನಾನೇ ಕರ್ಕೊಂಡ್ಬಂದೆ."

ಈಗ ಬೆಳಿಗ್ಗೆ ಹತ್ತು ಹತ್ತಿರವಾದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ: ಇವತ್ತು ಅವಳನ್ನು ಇನ್ಯಾವ ಒಳ್ಳೆಯವರು ಹಿಡಿದುಕೊಂಡರೋ?